ಸಿ.ಐ.ಡಿ. 999 ಮತ್ತು ಚಿನ್ನದ ಸೂತ್ರ

ಗೂಢಚಾರರ ಸಾಹಸದ ಚಿತ್ರಗಳೆಂದರೆ ನಮಗೆ ಪ್ರೀತಿ. ವಿಜ್ಞಾನದ ಪತ್ರಿಕೆಯೊಂದರಲ್ಲಿ ಈ ಮಾತನ್ನು ಬರೆಯುವಾಗ ಸ್ವಲ್ಪ ಸಂಕೋಚವಾಗುವುದು ಸಹಜ. ಒಂದೇ ಪಿಸ್ತೂಲಿನಿಂದ ಇಪ್ಪತ್ತು ಮಂದಿಯನ್ನು ಹಿಮ್ಮೆಟ್ಟಿಸುವ ನಾಯಕ, ಗೋಡೆಯ ಹಿಂದೆ ಮತ್ತೊಂದು ಗೋಡೆ ತೆರೆದುಕೊಳ್ಳುವ ಖಳನ ಅಡಗುದಾಣ, ಕೆಂಪು ದೀಪಗಳನ್ನು ಮಿಣುಕಿಸುತ್ತ ಏನು ಮಾಡುತ್ತಿದೆಯೆಂದು ಯಾರಿಗೂ ತಿಳಿಯದ ಯಂತ್ರ, ಕೊನೆಯ ರೀಲಿನಲ್ಲಿ ಎಲ್ಲವೂ ಸಿಡಿದು ಬೂದಿಯಾಗುವ ದೃಶ್ಯ! ಇವುಗಳಲ್ಲಿ ಯಾವುದೊಂದನ್ನೂ ಭೌತಶಾಸ್ತ್ರದ ಅಧ್ಯಾಪಕರ ಮುಂದೆ ಸಮರ್ಥಿಸಲು ಸಾಧ್ಯವಿಲ್ಲ. ಆದರೂ ನೋಡುತ್ತೇವೆ, ಮುಗಿದ ಮೇಲೆ, ಯಾರಾದರೂ ಕಂಡಾರೇ ಎಂದು ಒಮ್ಮೆ ಸುತ್ತ ನೋಡಿ ಮೇಲೇಳುತ್ತೇವೆ.

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ, ನಮ್ಮ ನೆರೆಹೊರೆಯಲ್ಲಿ, ಇಂಥ ಚಿತ್ರಗಳ ವಿಷಯವಾಗಿ ಎರಡು ಪಕ್ಷಗಳುಂಟು. ಟೆಲಿವಿಷನ್ನಿನಲ್ಲಿ ರಾಜ್‌ಕುಮಾರರ ‘ಜೇಡರ ಬಲೆ’ ಬಂದರೆ ಹಿರಿಯರು ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟು ಕುಳಿತುಕೊಳ್ಳುತ್ತಾರೆ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಅದೇ ಚಿತ್ರದ ತುಣುಕುಗಳನ್ನು ಫೋನಿನಲ್ಲಿ ನೋಡಿ ನಗುತ್ತಾರೆ. “ಇದರಲ್ಲಿ ಲಾಜಿಕ್ಕೇ ಇಲ್ಲವಲ್ಲ ಅಂಕಲ್, ನೀವು ವಿಜ್ಞಾನದ ಲೇಖನ ಬರೆಯುವವರು, ಇದನ್ನು ಹೇಗೆ ನೋಡುತ್ತೀರಿ?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ತಪ್ಪು ಹಿಡಿಯುವ ಜಾಗ ಮಾತ್ರ ಸರಿಯಲ್ಲವೆಂದು ನಮಗೆ ತೋರುತ್ತದೆ. ಈ ಚಿತ್ರಗಳಲ್ಲಿ ಎಲ್ಲರಿಗೂ ಕಾಣುವ ಸುಳ್ಳೊಂದಿದೆ, ಅದು ನಿರಪಾಯಕರ. ಯಾರ ಕಣ್ಣಿಗೂ ಬೀಳದ ಸುಳ್ಳು ಇನ್ನೊಂದಿದೆ. ನಾವು ಜಗಳವಾಡಬೇಕಾದದ್ದು ಅದರೊಡನೆ.

ಮೊದಲು ಚಿತ್ರದ ವಿಚಾರ. 1962ರಲ್ಲಿ ‘ಡಾಕ್ಟರ್ ನೋ’ ಚಿತ್ರದೊಡನೆ ಜೇಮ್ಸ್ ಬಾಂಡನು ಬೆಳ್ಳಿತೆರೆಗೆ ಬಂದ. ಆರು ವರ್ಷಗಳ ಅನಂತರ, 1968ರಲ್ಲಿ, ಕನ್ನಡದವರು 007 ಎಂಬ ಅಂಕೆಗೆ 999 ಎಂದು ಉತ್ತರ ಕೊಟ್ಟರು. ದೊರೆ ಮತ್ತು ಭಗವಾನ್ ಎಂಬ ನಿರ್ದೇಶಕರ ಜೋಡಿ, ಜಿ. ಕೆ. ವೆಂಕಟೇಶರ ಸಂಗೀತ, ನಾಯಕಿಯಾಗಿ ಜಯಂತಿ, ಸಿ.ಐ.ಡಿ. 999 ಪ್ರಕಾಶನಾಗಿ ರಾಜ್‌ಕುಮಾರ್. ‘ಬೇಡರ ಕಣ್ಣಪ್ಪ’ನಾಗಿ, ಕನಕದಾಸನಾಗಿ, ಸತ್ಯಹರಿಶ್ಚಂದ್ರನಾಗಿ, ಇಮ್ಮಡಿ ಪುಲಿಕೇಶಿಯಾಗಿ ಜನ ಕೈಮುಗಿದು ನೋಡಿದ್ದ ನಟ ಒಮ್ಮೆಲೇ ಸೂಟು ತೊಟ್ಟು ಪಿಸ್ತೂಲು ಹಿಡಿದು ನಿಂತದ್ದು ಅಂದಿನ ಪ್ರೇಕ್ಷಕರಿಗೆ ಎಂಥ ಪುಲಕವನ್ನು ಉಂಟುಮಾಡಿರಬೇಕೆಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕಷ್ಟೆ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹಳ ದಿನಗಳ ಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದುವು. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಬಾಡಿಗೆಗೆ ತಂದು, ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದ್ದ ತಲೆಮಾರಿಗೆ ಇವು ಹಬ್ಬದೂಟ.

‘ಜೇಡರ ಬಲೆ’ಯ ಕಥೆ ಒಬ್ಬ ವಿಜ್ಞಾನಿಯಿಂದ ಆರಂಭವಾಗುತ್ತದೆ. ಯಾವ ಲೋಹವನ್ನಾದರೂ ಚಿನ್ನವಾಗಿ ಮಾರ್ಪಡಿಸುವ ಸೂತ್ರವನ್ನು ಆತ ಕಂಡುಹಿಡಿದಿದ್ದಾನೆ. ಖಳರು ಅವನ ಹಿಂದೆ, ಖಳರ ಹಿಂದೆ ಪ್ರಕಾಶ. ಇಷ್ಟು ಸಾಕು, ಉಳಿದದ್ದೆಲ್ಲ ಓಟ, ಹೊಡೆದಾಟ, ವೇಷ ಮತ್ತು ಹಾಡು.

ಚಿನ್ನವನ್ನೇ ಏಕೆ ಆರಿಸಿಕೊಂಡರು? ಕಾಲವನ್ನು ನೆನೆದರೆ ಉತ್ತರ ಕಷ್ಟವಲ್ಲ. 1963ರ ಜನವರಿಯಲ್ಲಿ ಭಾರತ ಸರ್ಕಾರ ಚಿನ್ನದ ನಿಯಂತ್ರಣದ ನಿಯಮಗಳನ್ನು ತಂದು, 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣ ಮಾಡುವುದನ್ನು ನಿಷೇಧಿಸಿತು. ಎಷ್ಟೋ ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. 1968ರಲ್ಲಿ, ಅಂದರೆ ಚಿತ್ರ ತೆರೆಕಂಡ ವರ್ಷವೇ, ಚಿನ್ನದ ನಿಯಂತ್ರಣ ಶಾಸನ ಜಾರಿಗೆ ಬಂದಿತು. ಅದು ರದ್ದಾದದ್ದು 1990ರಲ್ಲಿ. ಸಾಮಾನ್ಯನಿಗೆ ಚಿನ್ನದ ಗಟ್ಟಿಯನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಿದ್ದ, ಕಳ್ಳಸಾಗಣೆಯ ಸುದ್ದಿ ದಿನವೂ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲದಲ್ಲಿ, ಗುಜರಿ ಅಂಗಡಿಯ ಕಬ್ಬಿಣವೆಲ್ಲ ಹೊನ್ನಾಗುವ ಸೂತ್ರವೆಂದರೆ ಸಣ್ಣ ಮಾತೇ?

ಇನ್ನೂ ಹಿಂದಕ್ಕೆ ಹೋದರೆ ನಾವು ವಾಸಿಸುವ ಬಡಾವಣೆಯ ಹೆಸರಿನಲ್ಲಿಯೇ ಚಿನ್ನದ ಕಥೆ ಅಡಗಿದೆ. ವಿದ್ಯಾರಣ್ಯರು ದೇವಿಯನ್ನು ಒಲಿಸಿಕೊಂಡು ಕನಕವೃಷ್ಟಿ ಕರೆಸಿದರು, ಆ ಹೊನ್ನಿನಿಂದ ವಿಜಯನಗರ ಎದ್ದಿತು ಎಂಬ ಐತಿಹ್ಯವನ್ನು ಕೇಳದ ಕನ್ನಡಿಗರು ಕಡಮೆ. ಪರುಷಮಣಿ, ಸಿದ್ಧರಸ ಎಂಬ ಮಾತುಗಳು ನಮ್ಮ ಭಾಷೆಯಲ್ಲಿ ಮನೆಮಾತಾಗಿವೆ. ಗುರುತ್ವದ ನಿಯಮ ಕೊಟ್ಟ ನ್ಯೂಟನ್ ಕೂಡ ರಸವಿದ್ಯೆಯ ವಿಷಯವಾಗಿ ಲಕ್ಷಗಟ್ಟಲೆ ಪದಗಳನ್ನು ಬರೆದಿಟ್ಟಿದ್ದಾನೆ. ಆದ್ದರಿಂದ ‘ಜೇಡರ ಬಲೆ’ಯ ಸೂತ್ರವನ್ನು ಕಂಡು ನಗುವವರು ಸಾವಿರಾರು ವರ್ಷಗಳ ಆಸೆಯೊಂದನ್ನು ಕಂಡು ನಗುತ್ತಿದ್ದಾರೆ. ನಗಲಿ, ಆದರೆ ಲೆಕ್ಕಹಾಕಿ ನಗಲಿ.

ಲೆಕ್ಕ ಹೀಗಿದೆ. ಒಂದು ಧಾತುವಿಗೂ ಇನ್ನೊಂದಕ್ಕೂ ಇರುವ ಭೇದವೆಲ್ಲ ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನುಗಳ ಸಂಖ್ಯೆಯ ಭೇದ. ಕಬ್ಬಿಣದಲ್ಲಿ 26, ತಾಮ್ರದಲ್ಲಿ 29, ಚಿನ್ನದಲ್ಲಿ 79. ಕುದಿಸುವುದು, ಕರಗಿಸುವುದು, ಆಮ್ಲದಲ್ಲಿ ನೆನೆಹಾಕುವುದು ಮೊದಲಾದ ರಾಸಾಯನಿಕ ಕ್ರಿಯೆಗಳೆಲ್ಲ ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳ ನಡುವಣ ವ್ಯವಹಾರ. ಅಲ್ಲಿ ಕೈ ಬದಲಾಯಿಸುವ ಶಕ್ತಿಗಿಂತ ನ್ಯೂಕ್ಲಿಯಸ್ಸನ್ನು ಕದಲಿಸಲು ಬೇಕಾದ ಶಕ್ತಿ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು. ತಿಜೋರಿಯ ಬಣ್ಣವನ್ನು ಕೆರೆದರೆ ಒಳಗಿನ ನೋಟು ಬದಲಾಗುವುದಿಲ್ಲ. ಆದಕಾರಣ ಗಾಜಿನ ಬುದ್ದಲಿಯಲ್ಲಿ ಬಣ್ಣದ ನೀರು ಕುದಿಸುವ ವಿಜ್ಞಾನಿಯಿಂದ ಚಿನ್ನ ಹುಟ್ಟಲಾರದು.

ನ್ಯೂಕ್ಲಿಯಸ್ಸಿಗೇ ಕೈಹಾಕುವ ಯಂತ್ರ ಖಳನ ಬಳಿ ಇದೆಯೆಂದೇ ಇಟ್ಟುಕೊಳ್ಳೋಣ. ಆಗ ಇನ್ನೊಂದು ತೊಡಕು. ಕಬ್ಬಿಣದ ನ್ಯೂಕ್ಲಿಯಸ್ಸು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಕೊಂಡಿರುವವುಗಳಲ್ಲಿ ಒಂದು. ಚಿನ್ನದ ಕಟ್ಟು ಅದಕ್ಕಿಂತ ಸಡಿಲ. ಒಂದು ಚಿನ್ನದ ಪರಮಾಣುವಿಗೆ ತೂಕದ ಲೆಕ್ಕದಲ್ಲಿ ಮೂರೂವರೆ ಕಬ್ಬಿಣದ ಪರಮಾಣು ಬೇಕು. ಈ ಮೂರೂವರೆಯನ್ನು ಒಂದುಗೂಡಿಸಿದರೆ ಶಕ್ತಿ ಹೊರಬರುವುದಿಲ್ಲ, ನಾವೇ ಶಕ್ತಿ ತುಂಬಬೇಕಾಗುತ್ತದೆ. ಪರಮಾಣು ತೂಕಗಳ ಪಟ್ಟಿಯನ್ನು ಹಿಡಿದು, ಐನ್‌ಸ್ಟೈನರ ಸಮೀಕರಣದಿಂದ ವಾಚಕರು ತಾವೇ ಲೆಕ್ಕಹಾಕಬಹುದು. ಒಂದು ಗ್ರಾಮ್ ಚಿನ್ನಕ್ಕೆ, ಎಳ್ಳಷ್ಟೂ ಪೋಲಾಗದಿದ್ದರೂ, ಸುಮಾರು 25,000 ಯೂನಿಟ್ ವಿದ್ಯುಚ್ಛಕ್ತಿ ಬೇಕು. ಯೂನಿಟ್ಟಿಗೆ ಏಳು ರೂಪಾಯಿಯೆಂದರೂ ಬಿಲ್ಲು ಒಂದೂಮುಕ್ಕಾಲು ಲಕ್ಷ ರೂಪಾಯಿ. ಅಂಗಡಿಯಲ್ಲಿ ಕೊಳ್ಳುವುದೇ ಮೇಲು!

ಮೈಸೂರಿನವರಿಗೆ ಈ ಲೆಕ್ಕವನ್ನು ಹೇಳಲು ಇನ್ನೊಂದು ದಾರಿಯಿದೆ. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಆರಂಭವಾದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿಯೇ. ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಅಲ್ಲಿಗೆ ವಿದ್ಯುತ್ತನ್ನು ಕೊಂಡೊಯ್ದರು. ಇಂದು ಅದರ ಸಾಮರ್ಥ್ಯ 42 ಮೆಗಾವಾಟ್. ಖಳನಾಯಕನು ಆ ಆಗಾರವನ್ನು ಪೂರ್ತಿಯಾಗಿ ವಶಪಡಿಸಿಕೊಂಡರೂ, ಒಂದು ಗ್ರಾಮಿನ ಮೂಗುಬೊಟ್ಟಿಗೆ ಅದು ಮುಕ್ಕಾಲು ಗಂಟೆಗೆ ಸ್ವಲ್ಪ ಕಡಮೆ ಹೊತ್ತು ದುಡಿಯಬೇಕು. ಎರಡು ಕಿಲೋ ತೂಕದ ಕಬ್ಬಿಣದ ಬಾಣಲೆಯನ್ನು ಹೊನ್ನಾಗಿಸಲು ಹಗಲಿರುಳು ಐವತ್ತು ದಿನ. ಅಷ್ಟರಲ್ಲಿ ಪ್ರಕಾಶ ಬಾರದೆ ಇರುತ್ತಾನೆಯೆ?

ಕಬ್ಬಿಣ ಬೇಡ, ನೆರೆಯ ಧಾತು ಆಗಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಆಗಬಹುದು, ಆಗಿಯೂ ಇದೆ. ಪಾದರಸದಲ್ಲಿ 80 ಪ್ರೋಟಾನುಗಳು, ಚಿನ್ನಕ್ಕಿಂತ ಒಂದು ಮಾತ್ರ ಹೆಚ್ಚು. 1941ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಪಾದರಸಕ್ಕೆ ವೇಗದ ನ್ಯೂಟ್ರಾನುಗಳನ್ನು ಹೊಡೆದು ಚಿನ್ನವನ್ನು ಪಡೆದರು. ಆದರೆ ಅದು ವಿಕಿರಣ ಸೂಸುತ್ತ ಕೆಲವೇ ದಿನಗಳಲ್ಲಿ ಕರಗಿಹೋಗುವ ಚಿನ್ನ. (ನಮ್ಮ ರಸಸಿದ್ಧರೂ ಪಾದರಸವನ್ನೇ ಹಿಡಿದು ಹೆಣಗಿದ್ದು ಕೇವಲ ಕಾಕತಾಳೀಯ. ಇದನ್ನು ಹಿಡಿದುಕೊಂಡು ಪ್ರಾಚೀನರಿಗೆ ಪರಮಾಣು ವಿಜ್ಞಾನ ಗೊತ್ತಿತ್ತೆಂದು ಯಾರೂ ಭಾಷಣ ಮಾಡದಿದ್ದರೆ ಒಳ್ಳೆಯದು.) 2025ರ ಮೇ ತಿಂಗಳಲ್ಲಿ ಜಿನೀವಾದ ಸರ್ನ್ ಪ್ರಯೋಗಶಾಲೆಯವರು ಇನ್ನೊಂದು ಸುದ್ದಿ ಕೊಟ್ಟರು. ಅವರ ಬೃಹತ್ ವೇಗವರ್ಧಕದಲ್ಲಿ ಸೀಸದ ನ್ಯೂಕ್ಲಿಯಸ್ಸುಗಳು ಒಂದರ ಪಕ್ಕದಲ್ಲಿ ಒಂದು ಸವರಿಕೊಂಡು ಹೋಗುವಾಗ ಕೆಲವು ಮೂರು ಪ್ರೋಟಾನುಗಳನ್ನು ಕಳೆದುಕೊಂಡು ಚಿನ್ನವಾಗುತ್ತವೆ. 2015ರಿಂದ 2018ರವರೆಗೆ ಹೀಗೆ ಹುಟ್ಟಿದ ಚಿನ್ನದ ನ್ಯೂಕ್ಲಿಯಸ್ಸುಗಳು ಸುಮಾರು 8,600 ಕೋಟಿ. ಕೇಳಿದರೆ ಭಂಡಾರ ತುಂಬಿತೆನಿಸುತ್ತದೆ. ಎಲ್ಲ ಸೇರಿ ಅವುಗಳ ತೂಕ 29 ಪಿಕೋಗ್ರಾಮ್, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿ ಅದರಲ್ಲಿ ಇಪ್ಪತ್ತೊಂಬತ್ತು ಭಾಗ. ಅದೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಪುಡಿಪುಡಿ. ವಿದ್ಯಾರಣ್ಯಪುರಂಗೆ ಹತ್ತಿರದಲ್ಲಿಯೇ, ಮಾನಂದವಾಡಿ ರಸ್ತೆಯಲ್ಲಿ, 1912ರಲ್ಲಿ ಸ್ಥಾಪನೆಯಾದ ರೇಷ್ಮೆ ಕಾರ್ಖಾನೆಯಿದೆ. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಚಿನ್ನದ ಪಾಲು ನೂರಕ್ಕೆ 0.65 ಮಾತ್ರ. ಆ ಜರಿಯ ಒಂದು ಎಳೆಯ ಮುಂದೆ ಸರ್ನಿನ ನಾಲ್ಕು ವರ್ಷದ ಗಳಿಕೆ ಲೆಕ್ಕಕ್ಕೇ ಬಾರದು.

ನಿಜವಾಗಿ ಚಿನ್ನ ಹುಟ್ಟುವ ಕಡೆ ಯಾವುದೆಂಬುದಕ್ಕೆ 2017ರ ಆಗಸ್ಟ್ 17ರಂದು ಪ್ರಬಲವಾದ ಸಾಕ್ಷ್ಯ ದೊರೆಯಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನು ನಕ್ಷತ್ರಗಳು ಡಿಕ್ಕಿಹೊಡೆದುವು. ಗುರುತ್ವದ ಅಲೆಗಳು ಭೂಮಿಯನ್ನು ಮುಟ್ಟಿದುವು. ಬೆಳಕನ್ನು ಪರೀಕ್ಷಿಸಿದವರಿಗೆ ಭಾರವಾದ ಧಾತುಗಳು ರಾಶಿರಾಶಿಯಾಗಿ ತಯಾರಾದ ಗುರುತು ಸಿಕ್ಕಿತು. ನಮ್ಮ ಊರಿನಷ್ಟು ಅಗಲ, ಸೂರ್ಯನಿಗಿಂತ ಹೆಚ್ಚು ತೂಕ ಇರುವ ಎರಡು ಗೋಳಗಳ ಡಿಕ್ಕಿ! ಯಾವ ಗೂಢಚಾರ ಚಿತ್ರದ ಕೊನೆಯ ರೀಲು ಇದಕ್ಕಿಂತ ಅತಿಯಾಗಿದೆ?

ಈ ಬಗೆಯ ಚಿತ್ರಗಳು ಎಲ್ಲ ಕಡೆಯೂ ಲೆಕ್ಕ ತಪ್ಪುತ್ತವೆಂದು ಭಾವಿಸಬಾರದು. 1964ರ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲಿ ಖಳನು ಅಮೆರಿಕದ ಫೋರ್ಟ್ ನಾಕ್ಸ್ ಭಂಡಾರದ ಚಿನ್ನವನ್ನು ಕದಿಯಲು ಹೊರಡುವುದಿಲ್ಲ. ಕೋಬಾಲ್ಟ್ ಬೆರೆಸಿದ ಬಾಂಬನ್ನು ಒಳಗೆ ಸಿಡಿಸಿ ಅದನ್ನು ವಿಕಿರಣಮಯವಾಗಿ ಮಾಡುವುದು, ಆಗ ತನ್ನಲ್ಲಿರುವ ಚಿನ್ನದ ಬೆಲೆ ಏರುವುದು, ಇದು ಅವನ ಹೂಟ. ಭಂಡಾರ ಎಷ್ಟು ಕಾಲ ನಿರುಪಯೋಗಿ? ಕರಾರುವಾಕ್ಕಾಗಿ 58 ವರ್ಷವೆಂಬ ಮಾತು ಚಿತ್ರದಲ್ಲಿ ಬರುತ್ತದೆ. ಕೋಬಾಲ್ಟ್–60ರ ಅರ್ಧಾಯು 5.27 ವರ್ಷ. 58ನ್ನು ಅದರಿಂದ ಭಾಗಿಸಿ ನೋಡಿದರೆ ಸರಿಯಾಗಿ 11. ಹನ್ನೊಂದು ಅರ್ಧಾಯುಗಳಲ್ಲಿ ವಿಕಿರಣ 2,048ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚಿತ್ರಕಥೆ ಬರೆದವರ ಹತ್ತಿರ ಯಾರೋ ಕಾಗದ ಪೆನ್ಸಿಲು ಹಿಡಿದು ಕುಳಿತಿದ್ದಿರಬೇಕು! ಚಿನ್ನವೇ ನ್ಯೂಟ್ರಾನು ನುಂಗಿ ವಿಕಿರಣಶೀಲವಾದರೆ ಅದರ ಅರ್ಧಾಯು 2.7 ದಿನ ಮಾತ್ರ, ಎರಡು ತಿಂಗಳಲ್ಲಿ ಅದು ಬಹುಮಟ್ಟಿಗೆ ಶಾಂತವಾಗುತ್ತದೆಂಬುದು ಬೇರೆ ಮಾತು. ಅದೇ ಚಿತ್ರದಲ್ಲಿ ಬಾಂಡನನ್ನು ಸೀಳಲು ಲೇಸರ್ ಕಿರಣ ಹೊರಡುತ್ತದೆ. 1959ರ ಕಾದಂಬರಿಯಲ್ಲಿದ್ದುದು ಮರ ಕೊಯ್ಯುವ ಗರಗಸ. 1960ರಲ್ಲಿ ಮೊದಲನೆಯ ಲೇಸರ್ ಬೆಳಗಿತು. ನಾಲ್ಕೇ ವರ್ಷದಲ್ಲಿ ಅದು ಪಠ್ಯಪುಸ್ತಕಗಳನ್ನು ಹಿಂದೆಹಾಕಿ ಚಿತ್ರಮಂದಿರಕ್ಕೆ ಬಂದಿತು. ಎಷ್ಟು ಮಂದಿ ಹುಡುಗರು ಲೇಸರ್ ಎಂಬ ಶಬ್ದವನ್ನು ಮೊದಲು ಕೇಳಿದ್ದು ಅಲ್ಲಿಯೋ!

ಇರಲಿ. ಚಿನ್ನದ ಸೂತ್ರ ಸುಳ್ಳೆಂಬುದು ಟಿಕೆಟ್ಟು ಕೊಂಡವನಿಗೆ ಮೊದಲೇ ಗೊತ್ತು. ರಾಜ್‌ಕುಮಾರ್ ಬೆಳೆದು ಬಂದದ್ದು ಗುಬ್ಬಿ ಕಂಪನಿಯ ನಾಟಕಗಳಿಂದ. ಆ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದಿತು. ಹಾಗೆಂದು ಮುಂದಿನ ಸಾಲಿನಲ್ಲಿ ಕುಳಿತ ರೈತನು ತಾನು ಹಸ್ತಿನಾವತಿಯಲ್ಲಿದ್ದೇನೆಂದು ಭ್ರಮಿಸಲಿಲ್ಲ. ಪರದೆಯ ಮೇಲೆ ಬರೆದ ಕಾಡು ಗಾಳಿಗೆ ಅಲುಗಾಡುವುದನ್ನು ಕಂಡೂ ಅವನು ಕಣ್ಣೀರು ಸುರಿಸಿದ. ನಟನಿಗೂ ನೋಡುವವನಿಗೂ ನಡುವೆ ಒಂದು ಒಪ್ಪಂದವಿದೆ. ಅತಿರೇಕದ ಚಿತ್ರ ಈ ಒಪ್ಪಂದವನ್ನು ಮರೆಮಾಚುವುದಿಲ್ಲ. ಅತಿರೇಕವೇ ಅದರ ಪ್ರಾಮಾಣಿಕತೆ. ಗಂಭೀರವಾದ ಮುಖಮಾಡಿಕೊಂಡು, ಅರ್ಧ ನಿಜ ಬೆರೆಸಿ, “ವೈಜ್ಞಾನಿಕ ಸತ್ಯವನ್ನು ಆಧರಿಸಿದ್ದು” ಎಂಬ ಹಣೆಪಟ್ಟಿ ಅಂಟಿಸಿಕೊಂಡು ಬರುವ ಚಿತ್ರಕ್ಕಿಂತ ಸಿ.ಐ.ಡಿ. 999 ಸಾವಿರ ಪಾಲು ಮೇಲು ಎಂಬುದು ನಮ್ಮ ಅಭಿಪ್ರಾಯ.

ನಾವು ಮೊದಲು ಹೇಳಿದ, ಕಣ್ಣಿಗೆ ಬೀಳದ ಸುಳ್ಳು ಇದು: ಒಬ್ಬ ವಿಜ್ಞಾನಿ, ಅವನ ಜೇಬಿನಲ್ಲಿ ಒಂದು ಕಾಗದ, ಆ ಕಾಗದದಲ್ಲಿ ಒಂದು ಸೂತ್ರ, ಕಾಗದವನ್ನು ಕದ್ದವನಿಗೆ ಲೋಕವೇ ಸ್ವಾಧೀನ. ಚಿನ್ನದ ಮಾತಿಗೆ ನಕ್ಕವರು ಈ ಮಾತಿಗೆ ನಗುವುದಿಲ್ಲ, ಅದನ್ನು ಗಮನಿಸುವುದೂ ಇಲ್ಲ. ಪುಟಗಟ್ಟಲೆ ಪ್ರಕಟವಾಗಿ, ಹತ್ತು ಊರುಗಳಲ್ಲಿ ಹತ್ತು ಮಂದಿ ಪರೀಕ್ಷಿಸಿ, ಕೆಲವರು ಅಲ್ಲಗಳೆದು, ಮತ್ತೆ ಕೆಲವರು ತಿದ್ದಿ ಬೆಳೆಸಿದ ಹೊರತು ಯಾವುದೂ ವಿಜ್ಞಾನವಾಗುವುದಿಲ್ಲ. ಸೀಸದಿಂದ ಚಿನ್ನ ಮಾಡಿದ ಸರ್ನಿನವರು ಅದನ್ನು ಬೀಗ ಹಾಕಿ ಇಡಲಿಲ್ಲ, ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಅವರನ್ನು ಅಪಹರಿಸಲು ಯಾರೂ ಹೋಗಲಿಲ್ಲ.

ಯುದ್ಧಕಾಲದ ಪರಮಾಣು ರಹಸ್ಯಗಳನ್ನು ಗೂಢಚಾರರು ಕದ್ದದ್ದು ನಿಜವಲ್ಲವೆ ಎಂದು ಕೇಳಬಹುದು. ನಿಜ. ಅಮೆರಿಕದ ಬಾಂಬಿನ ವಿವರಗಳನ್ನು ಸೋವಿಯೆತ್ ದೇಶಕ್ಕೆ ಮುಟ್ಟಿಸಿದ ಕ್ಲಾಸ್ ಫುಕ್ಸ್ 1950ರಲ್ಲಿ ಸಿಕ್ಕಿಬಿದ್ದ. ಆದರೆ ಅದೇ ಕಾಲದ ಇನ್ನೊಂದು ನಿಜವಾದ ಕಥೆ ನಮಗೆ ಹೆಚ್ಚು ರೋಮಾಂಚಕಾರಿಯೆನಿಸುತ್ತದೆ. ಗ್ಯೋರ್ಗಿ ಫ್ಲ್ಯೋರೋವ್ ಎಂಬ ತರುಣ ಭೌತವಿಜ್ಞಾನಿ 1940ರಲ್ಲಿ ಗೆಳೆಯನೊಬ್ಬನೊಡನೆ, ಯುರೇನಿಯಮ್ ತನ್ನಷ್ಟಕ್ಕೆ ತಾನೇ ಒಡೆಯುವುದುಂಟೆಂದು ಕಂಡುಹಿಡಿದಿದ್ದ. ಯುದ್ಧ ಬಂದು ಸೈನ್ಯಕ್ಕೆ ಸೇರಿದ. 1942ರಲ್ಲಿ ವೊರೊನೆಝ್ ಊರಿನಲ್ಲಿದ್ದಾಗ, ತನ್ನ ಸಂಶೋಧನೆಯನ್ನು ಹೊರದೇಶದವರು ಏನೆಂದಿದ್ದಾರೆ ಎಂಬ ಕುತೂಹಲದಿಂದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಹೋಗಿ ಪತ್ರಿಕೆಗಳನ್ನು ತಿರುವಿಹಾಕಿದ. ಏನೂ ಇರಲಿಲ್ಲ. ಅವನ ಲೇಖನದ ವಿಚಾರ ಮಾತ್ರವಲ್ಲ, ಯುರೇನಿಯಮ್ ಒಡೆಯುವುದರ ವಿಚಾರವೇ ಇರಲಿಲ್ಲ. ಮೂರು ವರ್ಷ ಹಿಂದೆ ಸಂಚಿಕೆ ಸಂಚಿಕೆಯಲ್ಲಿಯೂ ಅದನ್ನೇ ಬರೆಯುತ್ತಿದ್ದ ದೊಡ್ಡ ದೊಡ್ಡವರೆಲ್ಲ ಒಮ್ಮೆಲೇ ಮೌನ. ಅಮೆರಿಕದಲ್ಲಿ ಬಾಂಬಿನ ಕೆಲಸ ಗುಟ್ಟಾಗಿ ಸಾಗಿದೆಯೆಂದು ಫ್ಲ್ಯೋರೋವ್ ತರ್ಕಿಸಿ ಸ್ಟಾಲಿನ್ನನಿಗೇ ಪತ್ರ ಬರೆದ. ಪಿಸ್ತೂಲಿಲ್ಲ, ವೇಷವಿಲ್ಲ, ಕಾರಿನ ಓಟವಿಲ್ಲ. ಪತ್ರಿಕೆ ಓದುವ ಅಭ್ಯಾಸವೊಂದಿತ್ತು. ಬಚ್ಚಿಟ್ಟದ್ದೇ ಗುಟ್ಟನ್ನು ಬಯಲು ಮಾಡಿತು.

ನಮ್ಮ ನಾಡಿನಲ್ಲಿಯೂ ಇಂಥ ಕಥೆಗಳಿಗೆ ಕೊರತೆಯಿಲ್ಲ. ಕೋಲಾರದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕತ್ತಲೆ ಮತ್ತು ಸೆಕೆಯ ನಡುವೆ ಭಾರತ, ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳು ಉಪಕರಣಗಳನ್ನು ಹೂಡಿ ಕುಳಿತು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತು ಹಿಡಿದರು. ಚಿನ್ನದ ಗಣಿ, ಪಾತಾಳದ ಪ್ರಯೋಗಶಾಲೆ, ಕಣ್ಣಿಗೆ ಕಾಣದ ಕಣ, ಮೂರು ದೇಶದ ಜನ! ಗೂಢಚಾರ ಚಿತ್ರಕ್ಕೆ ಬೇಕಾದುದೆಲ್ಲ ಅಲ್ಲಿತ್ತು, ಖಳನೊಬ್ಬನ ಹೊರತು. ಗಣಿ 2001ರಲ್ಲಿ ಮುಚ್ಚಿತು. ಅದರ ಮೇಲೆ ಚಿತ್ರಗಳು ಬಂದಿವೆ. ಈ ಪ್ರಯೋಗದ ಮೇಲೆ ಯಾರಾದರೂ ಒಂದು ಚಿತ್ರ ಮಾಡಲಿ ಎಂಬುದು ನಮ್ಮ ಆಸೆ.

ಒಂಟಿ ವಿಜ್ಞಾನಿ, ಗುಪ್ತ ಸೂತ್ರ ಎಂಬ ಕಲ್ಪನೆಯೊಡನೆ ನಾವು ಇಷ್ಟೇಕೆ ಜಗಳವಾಡುತ್ತೇವೆಂದರೆ, ಅದು ಚಿತ್ರಮಂದಿರದಲ್ಲಿಯೇ ಉಳಿಯದೆ ನಮ್ಮೊಡನೆ ಮನೆಗೆ ಬರುತ್ತದೆ. 1996ರಲ್ಲಿ ತಮಿಳುನಾಡಿನ ಒಬ್ಬನು ಗಿಡಮೂಲಿಕೆ ಹಾಕಿ ನೀರನ್ನು ಪೆಟ್ರೋಲಾಗಿ ಮಾಡುವೆನೆಂದಾಗ ದೇಶವೇ ಬೆರಗಾಯಿತು. ಮೂಲಿಕೆ ಯಾವುದೆಂದು ಕೇಳಿದರೆ ಅದು ಗುಟ್ಟು. ಗುಟ್ಟೆಂದ ಕೂಡಲೇ ಅನುಮಾನ ಹುಟ್ಟಬೇಕಾಗಿತ್ತು. ಅನೇಕರಿಗೆ ಹುಟ್ಟಿದ್ದು ನಂಬಿಕೆ. ಕಡೆಗೆ ಅದು ಕೈಚಳಕವೆಂದು ಬಯಲಾಗಿ ನ್ಯಾಯಾಲಯದವರೆಗೂ ಹೋಯಿತು.

ಕರ್ನಾಟಕದಲ್ಲಿ ಮೇಲಿಂದ ಮೇಲೆ ಪೊಲೀಸರ ಮುಂದೆ ಬರುವ ‘ರೈಸ್ ಪುಲ್ಲರ್’ ಮೋಸವನ್ನು ನೋಡಿ. ಹಳೆಯ ತಾಮ್ರದ ಚೊಂಬೊಂದು ಸಿಡಿಲು ಬಡಿದು ಅದ್ಭುತ ಶಕ್ತಿ ಪಡೆದಿದೆಯಂತೆ. ಅಕ್ಕಿಕಾಳನ್ನು ತನ್ನೆಡೆಗೆ ಸೆಳೆಯುತ್ತದಂತೆ. ಅದರೊಳಗಿನ ಇರಿಡಿಯಮ್ಮಿಗಾಗಿ ಬಾಹ್ಯಾಕಾಶ ಸಂಸ್ಥೆಗಳು ಗುಟ್ಟಾಗಿ ಕೋಟಿಗಟ್ಟಲೆ ಕೊಡುತ್ತವಂತೆ. ಪರೀಕ್ಷೆಗೆಂದು ‘ವಿಜ್ಞಾನಿ’ ಬರುತ್ತಾನೆ; ವಿಕಿರಣದಿಂದ ರಕ್ಷಣೆಗೆಂದು ತಲೆಯಿಂದ ಕಾಲಿನವರೆಗೆ ವಿಚಿತ್ರವಾದ ಉಡುಪು ತೊಟ್ಟವರೂ ಉಂಟು. ಅವನ ಪ್ರಯಾಣದ ಖರ್ಚು, ಪರೀಕ್ಷೆಯ ಶುಲ್ಕ, ಮುಂಗಡ ಎಂದು ಲಕ್ಷಗಳು ಕೈಬಿಡುತ್ತವೆ. ಕಾಳಿನೊಳಗೆ ಕಬ್ಬಿಣದ ಚೂರು, ಚೊಂಬಿನೊಳಗೆ ಅಯಸ್ಕಾಂತ, ಇಷ್ಟೇ ಅದರ ಮರ್ಮ. ಈ ಬಲೆಗೆ ಬಿದ್ದವರಲ್ಲಿ ಓದುಬರಹ ಬಲ್ಲವರೂ ವ್ಯಾಪಾರಸ್ಥರೂ ಇದ್ದಾರೆ. ಒಂದು ಸಂಗತಿಯನ್ನು ಗಮನಿಸಬೇಕು: ಈ ಮೋಸದ ಕಥೆಯಲ್ಲಿರುವುದೆಲ್ಲ ಗೂಢಚಾರ ಚಿತ್ರದ ಸಾಮಗ್ರಿ. ಅಪೂರ್ವ ಲೋಹ, ವಿದೇಶದ ಕೊಳ್ಳುವವರು, ಮುಖ ತೋರಿಸದ ವಿಜ್ಞಾನಿ, ಯಾರಿಗೂ ಹೇಳಬಾರದೆಂಬ ಷರತ್ತು. ‘ಜೇಡರ ಬಲೆ’ಯನ್ನು ನೋಡಿ ನಕ್ಕವನೇ ಈ ನಾಟಕದಲ್ಲಿ ತಾನೊಂದು ಪಾತ್ರವಾದಾಗ ನಗುವುದನ್ನು ಮರೆಯುತ್ತಾನೆ. ಅಲ್ಲಿ ಟಿಕೆಟ್ಟಿನ ಒಪ್ಪಂದವಿಲ್ಲ, ಕೊನೆಯ ರೀಲಿನಲ್ಲಿ ಪ್ರಕಾಶನೂ ಬರುವುದಿಲ್ಲ.

ಆದುದರಿಂದ ನಮ್ಮ ಬೀದಿಯ ವಿದ್ಯಾರ್ಥಿಮಿತ್ರರಿಗೆ ಚಿತ್ರ ನೋಡಬೇಡಿರೆಂದು ನಾವು ಹೇಳುವುದಿಲ್ಲ. ಹೇಳಿದರೂ ಅವರು ಕೇಳುವುದಿಲ್ಲ, ನಾವೂ ಬಿಡುವುದಿಲ್ಲ. ಬದಲಿಗೆ ಶಾಲಾ ಕಾಲೇಜುಗಳ ವಿಜ್ಞಾನ ಸಂಘದವರಿಗೆ ಒಂದು ಸೂಚನೆ ಮಾಡುತ್ತೇವೆ. ವರ್ಷಕ್ಕೊಮ್ಮೆ ವಿಜ್ಞಾನ ದಿನದಂದು ಭಾಷಣಗಳನ್ನು ಒಂದೆರಡು ಕಡಮೆ ಮಾಡಿ, ಇಂಥದೊಂದು ಚಿತ್ರವನ್ನು ಪೂರ್ತಿ ತೋರಿಸಲಿ. ಶಿಳ್ಳೆಗೆ ಅಡ್ಡಿ ಮಾಡಬಾರದು. ಮುಗಿದ ಮೇಲೆ ಕಪ್ಪು ಹಲಗೆಯನ್ನು ತಂದು ನಿಲ್ಲಿಸಿ, ಎಲ್ಲಿ ಎಲ್ಲಿ ಪ್ರಕೃತಿಯ ನಿಯಮ ಮುರಿಯಿತು ಎಂಬ ಪಟ್ಟಿಯನ್ನು ಹುಡುಗರೇ ಮಾಡಲಿ, ಪ್ರತಿಯೊಂದಕ್ಕೂ ಅಂಕೆ ಕೊಡಲಿ. ಎಷ್ಟು ಶಕ್ತಿ ಬೇಕಿತ್ತು, ಎಷ್ಟು ಹೊತ್ತು ಬೇಕಿತ್ತು, ಪರಮಾಣು ಎಲ್ಲಿಂದ ಬಂದಿತು? “ಲಾಜಿಕ್ಕೇ ಇಲ್ಲ” ಎಂದು ಬಾಯಲ್ಲಿ ಹೇಳುವುದಕ್ಕೂ, 25,000 ಯೂನಿಟ್ ಎಂದು ಹಲಗೆಯ ಮೇಲೆ ಬರೆದು ತೋರಿಸುವುದಕ್ಕೂ ಬಹಳ ಅಂತರವಿದೆ. ಆಮೇಲೆ ಇನ್ನೊಂದು ಪ್ರಶ್ನೆಯನ್ನು ಅಧ್ಯಾಪಕರು ಕೇಳಲಿ: ಈ ಸೂತ್ರವನ್ನು ಆ ವಿಜ್ಞಾನಿ ಕಂಡುಹಿಡಿದ ಮರುದಿನವೇ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟಿದ್ದರೆ ಕಥೆ ಏನಾಗುತ್ತಿತ್ತು? ಖಳರಿಗೆ ಕೆಲಸವಿಲ್ಲ, ಸಿ.ಐ.ಡಿ. 999ಗೆ ರಜೆ, ಚಿನ್ನಕ್ಕೆ ಕಬ್ಬಿಣದ ಬೆಲೆ. ಮತ್ತು ನಮಗೆ, ಎರಡೂವರೆ ಗಂಟೆಯ ಚಿತ್ರ ಹತ್ತೇ ನಿಮಿಷದಲ್ಲಿ ಮುಗಿದುಹೋಯಿತಲ್ಲ ಎಂಬ ವ್ಯಸನ.